ರೊಟ್ಟಿ ಬಿಟ್ಟು ಅಂಬಲಿಗೆ ಇಳಿದ ಹೆಣ್ಣುಮಗಳು: ಬಾಗಲಕೋಟೆಯ ಒಂದು ಹೊಟ್ಟೆ ಟಿಬಿ ಪ್ರಕರಣ

ರೋಗಿಗೆ 27 ವರ್ಷ. ಇಳಕಲ್ ಕಡೆಯ ನೇಕಾರರ ಮನೆಯ ಸೊಸೆ. ಇಬ್ಬರು ಮಕ್ಕಳು, ಚಿಕ್ಕದಕ್ಕೆ ಎರಡು ವರ್ಷ. ಗಂಡ, ಮಾವ ಮಗ್ಗದ ಮೇಲೆ ಕೂರುತ್ತಾರೆ. ಈಕೆ ಮನೆಗೆಲಸದ ನಡುವೆ ಕಂಡಿಕೆ ಸುತ್ತುತ್ತಾಳೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಬಾಗಲಕೋಟೆಯ ನಮ್ಮ ಆಸ್ಪತ್ರೆಗೆ ಕರೆತಂದದ್ದು ಎಳ್ಳ ಅಮಾವಾಸ್ಯೆಯ ಮೂರನೇ ದಿನ ರಾತ್ರಿ. ಹೊಟ್ಟೆ ಉಬ್ಬಿತ್ತು. ಹಸಿರು ವಾಂತಿ ನಿಂತಿರಲಿಲ್ಲ. ಎರಡು ದಿನದಿಂದ ಮಲವೂ ಇಲ್ಲ, ಗಾಳಿಯೂ ಹೋಗಿಲ್ಲ. ತೂಕ 37 ಕೆಜಿ. ನಾಡಿ ನಿಮಿಷಕ್ಕೆ 124, ಬಿಪಿ 90/60, ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು. ದೀಪದ ಕೆಳಗೆ ಮಲಗಿಸಿ ಹೊಟ್ಟೆಯನ್ನು ಪಕ್ಕದಿಂದ ನೋಡಿದರೆ, ತೆಳ್ಳಗಿನ ಚರ್ಮದ ಒಳಗೆ ಕರುಳು ಹಾವಿನ ಹಾಗೆ ಹರಿದಾಡುವುದು ಕಾಣುತ್ತಿತ್ತು. ಒಂದು ಅಲೆ ಎಡಗಡೆ ಎದ್ದು ಬಲಗಡೆ ಕೆಳಕ್ಕೆ ಬಂದು ನಿಲ್ಲುತ್ತಿತ್ತು. ಅದು ನಿಂತ ಕಡೆಯೇ ಆಕೆ ಹಲ್ಲು ಕಚ್ಚುತ್ತಿದ್ದಳು.

ಅತ್ತೆ ಹೇಳಿದ್ದು ಇಷ್ಟು: "ಮೊನ್ನಿಂದ ಶುರು ಆಗೇತ್ರಿ ಸರ. ಚರಗದ ಊಟ ಜಾಸ್ತಿ ಆತು, ಗ್ಯಾಸ್ ತುಂಬೇತಿ."

ಚರಗ ಅಂದರೆ ಅಮಾವಾಸ್ಯೆಯಂದು ಹೊಲದಲ್ಲಿ ನೈವೇದ್ಯ ಚೆಲ್ಲಿ ಎಲ್ಲರೂ ಕೂತು ಉಣ್ಣುವುದು. ಆದರೆ ಮೊನ್ನೆಯಿಂದ ಶುರುವಾದ ಕಾಯಿಲೆ ಮೈಯನ್ನು ಇಷ್ಟು ಕರಗಿಸುವುದಿಲ್ಲ. ಕಾಲರ್ ಎಲುಬು ಎದ್ದು ಕಾಣುತ್ತಿತ್ತು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕರುಳು ಬ್ಲಾಕ್ ಆಗಿ ಬಂದವರಲ್ಲಿ ಮೊದಲು ಎರಡು ಸಂಗತಿ ನೋಡುತ್ತೇವೆ. ಹಳೆಯ ಆಪರೇಷನ್ ಆಗಿದ್ದರೆ ಒಳಗೆ ಕರುಳು ಅಂಟಿಕೊಂಡಿರಬಹುದು. ಹರ್ನಿಯಾ ಇದ್ದರೆ ಅದರಲ್ಲಿ ಸಿಕ್ಕಿಕೊಂಡಿರಬಹುದು. ಈಕೆಯ ಹೊಟ್ಟೆಯ ಮೇಲೆ ಒಂದು ಹೊಲಿಗೆಯ ಗುರುತೂ ಇಲ್ಲ, ಹರ್ನಿಯಾವೂ ಇಲ್ಲ. ವಯಸ್ಸು ಚಿಕ್ಕದು, ಮೈ ಬಡಕಲು. ನಮ್ಮ ಕಡೆ ಇಂಥವರಲ್ಲಿ ಮೊದಲು ನೆನಪಾಗಬೇಕಾದದ್ದು ಹೊಟ್ಟೆಯ ಟಿಬಿ.

ಆ ರಾತ್ರಿ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿದೆವು. ಮೊದಲ ಗಂಟೆಯಲ್ಲೇ ಒಂದೂವರೆ ಲೀಟರ್ ಹೊರಬಂತು, ಮೊದಲು ಹಸಿರು, ಆಮೇಲೆ ಮಲದ ವಾಸನೆಯ ಕಂದು ನೀರು. ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗಾಳಿ ಮತ್ತು ನೀರಿನ ಗೆರೆಗಳು. ಹಿಮೋಗ್ಲೋಬಿನ್ 7.8, ಆಲ್ಬುಮಿನ್ (ರಕ್ತದ ಪ್ರೋಟೀನ್) 2.3, ಪೊಟ್ಯಾಸಿಯಂ 2.8, ಮೂರೂ ಕಡಿಮೆ. ಎದೆಯ ಎಕ್ಸ್‌ರೇ ಸ್ವಚ್ಛ. ಎಚ್‌ಐವಿ ಇಲ್ಲ.

ಊಟದ ಕಥೆ

ಮರುದಿನ ಬೆಳಗ್ಗೆ ತವರಿನಿಂದ ತಾಯಿ ಬಂದರು. ನಳಿಗೆಯಿಂದ ಹೊಟ್ಟೆ ಸ್ವಲ್ಪ ಇಳಿದಿತ್ತು, ಆಕೆಗೆ ಮಾತಾಡಲು ಆಗುತ್ತಿತ್ತು. ನಾನು ನೋವಿನ ಬಗ್ಗೆ ಕೇಳುವುದು ಬಿಟ್ಟು ಊಟದ ಬಗ್ಗೆ ಕೇಳಿದೆ.

"ರೊಟ್ಟಿ ಎಷ್ಟ ತಿಂತಿ ತಂಗಿ?"

"ರೊಟ್ಟಿ ಬಿಟ್ಟು ಭಾಳ ದಿನ ಆತ್ರಿ. ಅಂಬಲಿ, ನುಚ್ಚು, ಮಜ್ಜಿಗಿ. ಅದಾದ್ರ ಒಳಗ ಹೋಗತೈತಿ."

"ಯಾಕ ಬಿಟ್ಟಿ?"

"ತಿಂದ್ರ ಎರಡ ತಾಸಿಗೆ ಹೊಕ್ಕಳ ಸುತ್ತ ಹಿಂಡಿದಂಗ ಆಗತೈತ್ರಿ. ಒಂದ ಗಂಟ ಏಳತೈತಿ. ಆಮ್ಯಾಲ ಗುಳುಗುಳು ಸಪ್ಪಳ ಆಗಿ ಗಂಟ ಇಳದ ಹೋಗತೈತಿ. ಆರಾಮ ಅನಸತೈತಿ."

ರೋಗದ ಪೂರ್ತಿ ಕಥೆ ಈ ನಾಲ್ಕು ಮಾತಿನಲ್ಲಿದೆ. ಕರುಳಿನಲ್ಲಿ ಒಂದು ಕಡೆ ದಾರಿ ಕಿರಿದಾಗಿದೆ. ಊಟ ಅಲ್ಲಿಗೆ ಬಂದು ನಿಂತಾಗ ಮೇಲಿನ ಕರುಳು ಬಲ ಹಾಕಿ ತಳ್ಳುತ್ತದೆ. ಉಬ್ಬಿದ ಆ ಭಾಗವೇ ಕೈಗೆ ಸಿಗುವ ಗಂಟು, ಆ ತಳ್ಳಾಟವೇ ಹಿಂಡುವ ನೋವು. ನೀರು, ಗಾಳಿ ಸಂದಿಯಿಂದ ತೂರಿ ಹೋದಾಗ ಗುಳುಗುಳು ಸದ್ದು, ಆಮೇಲೆ ಆರಾಮ. ಗಟ್ಟಿ ರೊಟ್ಟಿ ತೂರದ ಕಡೆ ಅಂಬಲಿ ತೂರುತ್ತದೆ. ಯಾರೂ ಹೇಳಿಕೊಡದೆ ಆಕೆ ತನ್ನ ಊಟವನ್ನು ಕರುಳಿನ ಅಳತೆಗೆ ಇಳಿಸಿಕೊಂಡಿದ್ದಳು. ಎಂಟು ತಿಂಗಳಿಂದ.

ಮನೆಯಲ್ಲಿ ಯಾರಿಗೂ ಇದು ಗೊತ್ತಾಗಲಿಲ್ಲ ಅಂದರೆ ನಂಬಬಹುದು. ಎಲ್ಲರಿಗೂ ಬಡಿಸಿ ಕೊನೆಗೆ ಅಡುಗೆಮನೆಯಲ್ಲಿ ಕೂತು ಉಣ್ಣುವವಳ ತಾಟಿನಲ್ಲಿ ಏನಿದೆ ಅಂತ ಯಾರು ನೋಡುತ್ತಾರೆ? ತಾಯಿಗೆ ಮಾತ್ರ ಸಂಶಯ ಇತ್ತು. "ಪಂಚಮಿಗೆ ಬಂದಾಗ ಉಂಡಿ ಸುದ್ದಾ ಮುಟ್ಟಲಿಲ್ರಿ" ಅಂದರು.

ಉತ್ತರ ಕರ್ನಾಟಕದ ಓಪಿಡಿಯಲ್ಲಿ ಕೂರುವ ಕಿರಿಯ ವೈದ್ಯರಿಗೆ ನಾನು ಹೇಳುವುದು ಇದನ್ನೇ. "ಎಲ್ಲಿ ನೋವು" ಅಂತ ಕೇಳಿದರೆ ಎಲ್ಲರೂ ಹೊಟ್ಟೆ ತೋರಿಸುತ್ತಾರೆ. "ಮೊದಲು ಏನು ತಿನ್ನುತ್ತಿದ್ದಿ, ಈಗ ಏನು ತಿನ್ನುತ್ತಿ" ಅಂತ ಕೇಳಿ. ದಿನಾ ಮೂರು ರೊಟ್ಟಿ ತಿನ್ನುತ್ತಿದ್ದ ಹರೆಯದವರು ಅಂಬಲಿಗೆ ಇಳಿದಿದ್ದಾರೆ ಅಂದರೆ, ಗ್ಯಾಸ್ ಗುಳಿಗೆ ಬರೆಯುವ ಮೊದಲು ಕರುಳಿನ ಸ್ಕ್ಯಾನ್ ಮಾಡಿಸಿ.

ಆಕೆಯ ಫೈಲು ದಪ್ಪಗಿತ್ತು. ಗ್ಯಾಸಿನ ಗುಳಿಗೆ, ಜಂತುಹುಳದ ಗುಳಿಗೆ, ರಕ್ತ ಹೆಚ್ಚಿಸುವ ಟಾನಿಕ್, ಸಲಾಯಿನ್ ಹಚ್ಚಿದ ಚೀಟಿಗಳು. ಹೊಕ್ಕಳು ಸರಿದಿದೆ ಅಂತ ಹೊಟ್ಟೆ ತಿಕ್ಕಿಸಿದ್ದೂ ಆಗಿತ್ತು. ಸಂಜೆ ಮೈ ಬಿಸಿಯಾಗುತ್ತಿತ್ತು, ರಾತ್ರಿ ಬೆವರುತ್ತಿತ್ತು. ಅದನ್ನು ಯಾರೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು. ಮನೆಯವರು ಬಸಿರು ಅಂದುಕೊಂಡು ಪರೀಕ್ಷೆ ಮಾಡಿಸಿದ್ದರು, ಇಲ್ಲ ಅಂತ ಬಂದಿತ್ತು, ಅಲ್ಲಿಗೆ ಬಿಟ್ಟಿದ್ದರು. ಮೈ ಇಷ್ಟು ಸೊರಗಿದಾಗ ಮುಟ್ಟು ನಿಲ್ಲುತ್ತದೆ. ಟಿಬಿ ಗರ್ಭಕೋಶಕ್ಕೋ ಗರ್ಭನಾಳಕ್ಕೋ ಹರಡಿದ್ದರೂ ನಿಲ್ಲಬಹುದು.

ಫೈಲಿನ ನಡುವೆ ನಾಲ್ಕು ತಿಂಗಳ ಹಿಂದಿನ ಒಂದು ಸ್ಕ್ಯಾನಿಂಗ್ ರಿಪೋರ್ಟ್. ಸಣ್ಣ ಕರುಳಿನ ಕೊನೆಯ ಭಾಗ ಸ್ವಲ್ಪ ದಪ್ಪವಾಗಿದೆ, ಸುತ್ತಲಿನ ದುಗ್ಧಗ್ರಂಥಿಗಳು ದೊಡ್ಡದಾಗಿವೆ, ಹೊಟ್ಟೆಯಲ್ಲಿ ಸ್ವಲ್ಪ ನೀರಿದೆ ಅಂತ ಅದರಲ್ಲಿ ಬರೆದಿತ್ತು. ಮೂರೂ ಸರಿಯಾದ ಮಾತು. ಆದರೆ ಅದರ ಮರುದಿನದ ಚೀಟಿಯಲ್ಲೂ ಗ್ಯಾಸಿನ ಗುಳಿಗೆಯೇ ಇತ್ತು.

ಆ ಹೊತ್ತಿಗೆ ಹಿಡಿದಿದ್ದರೆ ದಾರಿ ಸುಲಭ ಇತ್ತು. ಕೊಲೊನೋಸ್ಕೋಪಿ ಮಾಡಿ, ಅಂದರೆ ಗುದದ್ವಾರದಿಂದ ದುರ್ಬೀನು ಹಾಕಿ, ಕರುಳಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದಿತ್ತು. ಹೊಟ್ಟೆಯ ನೀರನ್ನು ಸೂಜಿಯಿಂದ ತೆಗೆದು ಎಡಿಎ ಅನ್ನುವ ಕಿಣ್ವದ ಮಟ್ಟ ನೋಡಬಹುದಿತ್ತು. ಅದು ಸುಮಾರು 39ಕ್ಕಿಂತ ಜಾಸ್ತಿ ಇದ್ದು ಲಿಂಫೋಸೈಟ್ ಕಣಗಳು ಹೆಚ್ಚಿದ್ದರೆ ಟಿಬಿಯ ಕಡೆ ಬೆರಳು ತೋರಿಸುತ್ತದೆ. ಕ್ರೋನ್ಸ್ ಅಂತ ಇನ್ನೊಂದು ಕರುಳಿನ ಕಾಯಿಲೆ ಇದೆ. ಸ್ಕ್ಯಾನಿನಲ್ಲಿ, ದುರ್ಬೀನಿನಲ್ಲಿ ಎರಡೂ ಒಂದೇ ರೀತಿ ಕಾಣುವುದುಂಟು. ಕ್ರೋನ್ಸ್‌ಗೆ ಸ್ಟೀರಾಯ್ಡ್ ಕೊಡುತ್ತಾರೆ, ಟಿಬಿ ಇದ್ದವರಿಗೆ ಅದನ್ನೇ ಕೊಟ್ಟರೆ ಟಿಬಿ ಉರಿದೇಳುತ್ತದೆ. ಅದಕ್ಕೇ ಚೂರು ತೆಗೆದು ನೋಡುವುದು ಮುಖ್ಯ. ಇನ್ನು ರಕ್ತ ಕೊಟ್ಟರೆ ಆ್ಯಂಟಿಬಾಡಿ ನೋಡಿ ಟಿಬಿ ಹೇಳುತ್ತೇವೆ ಅನ್ನುವ ಪರೀಕ್ಷೆಗಳಿದ್ದವಲ್ಲ, ಅವನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಯಾರಾದರೂ ಇನ್ನೂ ಮಾಡಿಸಿ ಅಂದರೆ ದುಡ್ಡು ಕೊಡಬೇಡಿ.

ಕಾದದ್ದು, ಆಮೇಲೆ ಕೊಯ್ದದ್ದು

ಸಿಟಿ ಸ್ಕ್ಯಾನಿನಲ್ಲಿ ಚಿತ್ರ ಸ್ಪಷ್ಟವಾಯಿತು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ ದಪ್ಪಗಾಗಿ ಮೇಲಕ್ಕೆ ಸೆಳೆದುಕೊಂಡಿತ್ತು. ಅದಕ್ಕಿಂತ ಮೇಲೆ ಇನ್ನೆರಡು ಕಡೆ ಕರುಳು ಕಿರಿದಾಗಿತ್ತು. ಗ್ರಂಥಿಗಳ ನಡುಭಾಗ ಕಪ್ಪಗೆ, ಅಂದರೆ ಒಳಗೆ ಕೊಳೆತಿದೆ.

ಹೊಟ್ಟೆಯ ಟಿಬಿ ಈ ಮೂಲೆಯನ್ನೇ ಯಾಕೆ ಹಿಡಿಯುತ್ತದೆ? ಕರುಳಿನಲ್ಲಿ ಹರಿಯುವ ಅಂಶ ಇಲ್ಲಿ ಬಂದು ತುಂಬಾ ಹೊತ್ತು ನಿಲ್ಲುತ್ತದೆ. ಟಿಬಿ ಕ್ರಿಮಿ ಮನೆ ಮಾಡಿಕೊಳ್ಳುವ ದುಗ್ಧ ಅಂಗಾಂಶವೂ ಇಲ್ಲಿ ಜಾಸ್ತಿ. ಕ್ರಿಮಿ ಗೋಡೆಯಲ್ಲಿ ಹುಣ್ಣು ಮಾಡುತ್ತದೆ. ಈ ಹುಣ್ಣುಗಳು ಸಾಮಾನ್ಯವಾಗಿ ಕರುಳಿಗೆ ಅಡ್ಡಲಾಗಿ, ಸುತ್ತು ಹಾಕಿಕೊಂಡು ಬರುತ್ತವೆ. ಮಾಯುವಾಗ ಆ ಸುತ್ತು ಬಿಗಿಯುತ್ತದೆ, ದಾರಿ ಕಟ್ಟುತ್ತದೆ.

ಟಿಬಿಯಿಂದ ಬ್ಲಾಕ್ ಆದವರನ್ನೆಲ್ಲ ಆಪರೇಷನ್ ಟೇಬಲ್‌ಗೆ ಒಯ್ಯಬೇಕಾಗಿಲ್ಲ. ಬ್ಲಾಕ್ ಅರ್ಧಂಬರ್ಧ ಇದ್ದರೆ, ಕರುಳಿಗೆ ರಕ್ತ ಓಡುತ್ತಿದ್ದರೆ, ಬಾಯಿ ಕಟ್ಟಿ (ಊಟ, ನೀರು ನಿಲ್ಲಿಸಿ), ನಳಿಗೆ ಇಟ್ಟು, ಸಲಾಯಿನ್ ಮತ್ತು ಪೊಟ್ಯಾಸಿಯಂ ಕೊಟ್ಟು ಕಾದರೆ ಎಷ್ಟೋ ಜನರಿಗೆ ತೆರೆದುಕೊಳ್ಳುತ್ತದೆ. ಆಮೇಲೆ ಟಿಬಿ ಔಷಧ ಕೊಡಬಹುದು. ಇಷ್ಟು ಬಡಕಲು ಮೈಯನ್ನು ಸುಮ್ನೆ ಕೊಯ್ಯುವುದು ಒಳ್ಳೆಯದಲ್ಲ. ಹಾಗಾಗಿ ಕಾದೆವು, ರಕ್ತ ಏರಿಸಿದೆವು. ಆದರೆ ಕಾಯುವುದು ಅಂದರೆ ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ನೋಡುವುದು, ನರ್ಸ್ ಬರೆದ ಪಟ್ಟಿಯಲ್ಲಿ ನಾಡಿ ಯಾವ ಕಡೆ ಹೊರಟಿದೆ ಅಂತ ನೋಡುವುದು.

ಎರಡನೇ ರಾತ್ರಿ ನಾಡಿ 110ರಿಂದ ಮತ್ತೆ 130ಕ್ಕೆ ಏರಿತು. ಬಂದು ಹೋಗುತ್ತಿದ್ದ ನೋವು ಬಿಡದೆ ನಿಂತಿತು. ಹೊಟ್ಟೆ ಗಟ್ಟಿಯಾಯಿತು. ಆಕೆ ಮಗ್ಗುಲು ಬದಲಿಸುವುದನ್ನೇ ಬಿಟ್ಟಳು. ಕರುಳಿನ ತಳ್ಳಾಟದ ನೋವು ಇದ್ದವರು ಹಾಸಿಗೆಯಲ್ಲಿ ಹೊರಳಾಡುತ್ತಾರೆ. ಕರುಳು ತೂತಾದವರು ಅಲ್ಲಾಡದೆ ಮಲಗುತ್ತಾರೆ. ಮತ್ತೆ ತೆಗೆದ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ತೆಳ್ಳಗೆ ಒಂದು ಗಾಳಿಯ ಗೆರೆ. ಕರುಳಿನ ಹೊರಗೆ ಗಾಳಿ ಬಂದಿದೆ. ಇನ್ನು ಕಾಯುವ ಪ್ರಶ್ನೆ ಇಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಗಂಡನನ್ನು ಕೂರಿಸಿ ಎರಡು ವಿಷಯ ಹೇಳಿದೆ. ಟಿಬಿಯಿಂದ ಕರುಳು ತೂತಾದರೆ ಜೀವಕ್ಕೆ ಅಪಾಯ ಇದೆ. ಎಚ್ಚರ ಆದಾಗ ಹೊಟ್ಟೆಯ ಮೇಲೆ ಮಲ ಹಿಡಿಯುವ ಚೀಲ ಇರಬಹುದು. ಮೊದಲನೆಯದಕ್ಕೆ ತಲೆ ಆಡಿಸಿದ. ಎರಡನೆಯದಕ್ಕೆ ಅತ್ತೆ ಎದ್ದು ನಿಂತರು. "ಚೀಲ ಜಲ್ಮಪೂರ್ತೇನ್ರಿ?" ಅಲ್ಲ, ಕೆಲವು ತಿಂಗಳು ಮಾತ್ರ ಅಂದೆ. ಆಗ ಕೂತರು.

ಹೊಟ್ಟೆ ತೆರೆದಾಗ ಕರುಳಿನ ಮೇಲೆ, ಪೊರೆಯ ಮೇಲೆ ಎಲ್ಲೆಡೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು. ಬಲಗಡೆ ಕೆಳಗೆ ಕೀವು. ಒಟ್ಟು ಮೂರು ಕಡೆ ಕರುಳು ಕಿರಿದಾಗಿತ್ತು. ಒಂದು ಸಂದಿಯ ಹಿಂದೆಯೇ, ಹಿಗ್ಗಿ ತೆಳ್ಳಗಾದ ಗೋಡೆಯಲ್ಲಿ ತೂತು. ತೆಗೆದ ಕರುಳನ್ನು ಪಕ್ಕದ ಟೇಬಲ್ ಮೇಲೆ ಸೀಳಿ ನೋಡಿದೆವು. ಸಂದಿ ಪೆನ್ಸಿಲ್ ತೂರದಷ್ಟು ಸಣ್ಣದು. ಅದಕ್ಕೆ ಆತುಕೊಂಡು ಬಾರಿಹಣ್ಣಿನ ಎರಡು ಬೀಜ, ಒಂದಿಷ್ಟು ಅರೆಯದ ಶೇಂಗಾ. ಅಮಾವಾಸ್ಯೆಯ ದಿನ ತವರಿನ ಹೊಲದಲ್ಲಿ ಎಲ್ಲರ ಜೊತೆ ಕೂತಾಗ ಬೇಡ ಅನ್ನಲು ಆಗಲಿಲ್ಲವಂತೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿಂದಿದ್ದಳು. ಅತ್ತೆ ಹೇಳಿದ ಚರಗದ ಊಟದ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಎಂಟು ತಿಂಗಳ ಸಂದಿಗೆ ಕೊನೆಯ ಬೀಜ ಬಿದ್ದದ್ದು ಅಂದು.

ತೂತಾದ ಭಾಗ ಮತ್ತು ಕರುಳು ಸೇರುವ ಮೂಲೆ, ಒಟ್ಟು ಸುಮಾರು 30 ಸೆಂ.ಮೀ. ತೆಗೆದೆವು. ಆ ಎರಡು ತುದಿಗಳನ್ನು ಒಳಗೇ ಜೋಡಿಸುವ ಆಸೆ ಯಾವ ಸರ್ಜನ್‌ಗೂ ಇರುತ್ತದೆ. ಆದರೆ ಹೊಟ್ಟೆಯಲ್ಲಿ ಕೀವು, ಆಲ್ಬುಮಿನ್ 2.3, ಬಿಪಿ ಹಿಡಿಯಲು ಔಷಧ ಓಡುತ್ತಿದೆ. ಇಂಥ ಮೈಯಲ್ಲಿ ಹಾಕಿದ ಹೊಲಿಗೆ ಬಿಚ್ಚಿಕೊಳ್ಳುವ ಸಾಧ್ಯತೆಯೇ ಜಾಸ್ತಿ. ಬಿಚ್ಚಿಕೊಂಡರೆ ಎರಡನೇ ಬಾರಿ ಉಳಿಸುವುದು ಕಷ್ಟ. ತುದಿಗಳನ್ನು ಹೊರಗೆ ತಂದು ಚೀಲಕ್ಕೆ ಬಿಟ್ಟೆವು. ಮೇಲಿನ ಮೂರನೇ ಸಂದಿಯಲ್ಲಿ ಕಿರುಬೆರಳು ತೂರುತ್ತಿತ್ತು. ಅದನ್ನು ಮುಟ್ಟದೆ, ಎಲ್ಲಿದೆ ಅಂತ ಬರೆದಿಟ್ಟು ಹೊಟ್ಟೆ ಮುಚ್ಚಿದೆವು.

ಇಲ್ಲಿ ಒಂದು ಸಣ್ಣ ಮಾತು, ಥಿಯೇಟರಿನಲ್ಲಿ ಕೆಲಸ ಮಾಡುವವರಿಗೆ. ತೆಗೆದ ಕರುಳು, ಗ್ರಂಥಿಯನ್ನು ಎಲ್ಲ ಒಂದೇ ಫಾರ್ಮಲಿನ್ ಡಬ್ಬಿಗೆ ಹಾಕಬೇಡಿ. ಫಾರ್ಮಲಿನ್‌ಗೆ ಬಿದ್ದರೆ ಕ್ರಿಮಿ ಸಾಯುತ್ತದೆ, ಲ್ಯಾಬಿನಲ್ಲಿ ಅದನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಆಗುವುದಿಲ್ಲ. ಒಂದು ಗ್ರಂಥಿಯ ಚೂರನ್ನು ಬೇರೆ ಸ್ವಚ್ಛ ಡಬ್ಬಿಯಲ್ಲಿ ಬರೀ ಸಲಾಯಿನ್‌ನಲ್ಲಿ ಹಾಕಿ ಸಿಬಿನ್ಯಾಟ್ (ಟಿಬಿ ಕ್ರಿಮಿಯ ಜೀನ್ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್‌ಗೆ ಕಳಿಸಿ. ಡಬ್ಬಿ ಮೊದಲೇ ತೆಗೆದಿಡಿ. ರಾತ್ರಿ ಎರಡು ಗಂಟೆಗೆ ಇದು ಯಾರಿಗೂ ನೆನಪಾಗುವುದಿಲ್ಲ. ಈ ಪ್ರಕರಣದಲ್ಲಿ ಸಿಬಿನ್ಯಾಟ್ ಟಿಬಿ ಇದೆ, ರಿಫಾಂಪಿಸಿನ್ ಔಷಧ ಕೆಲಸ ಮಾಡುತ್ತದೆ ಅಂತ ಹೇಳಿತು. ಬಯಾಪ್ಸಿಯಲ್ಲೂ ಟಿಬಿಯ ಗ್ರ್ಯಾನುಲೋಮಾ ಗಂಟುಗಳು, ನಡುವೆ ಕೊಳೆತ ಭಾಗ ಕಂಡಿತು. ಕರುಳಿನ ಚೂರಿನಲ್ಲಿ ಕ್ರಿಮಿ ಕಡಿಮೆ ಇರುವುದರಿಂದ ಸಿಬಿನ್ಯಾಟ್ ಎಷ್ಟೋ ಸಲ ಇಲ್ಲ ಅನ್ನುತ್ತದೆ. ಅದೊಂದನ್ನೇ ನಂಬಿ ಟಿಬಿ ಅಲ್ಲ ಅನ್ನಬಾರದು.

"ಕೆಮ್ಮ ಇಲ್ಲ, ಟಿಬಿ ಹೆಂಗ ಆಗತೈತ್ರಿ?"

ರಿಪೋರ್ಟ್ ಬಂದ ದಿನ ಗಂಡ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ಗೋಡೆ ಮೇಲಿನ ಬರಹಗಳೆಲ್ಲ ಎರಡು ವಾರ ಕೆಮ್ಮು ಅಂತಲೇ ಹೇಳುತ್ತವೆ, ಅಲ್ವಾ? ಹೊಟ್ಟೆಯ ಟಿಬಿ ಇರುವ ಎಷ್ಟೋ ಜನರ ಎದೆಯ ಎಕ್ಸ್‌ರೇ ಸ್ವಚ್ಛವಾಗಿಯೇ ಇರುತ್ತದೆ. ಕ್ರಿಮಿ ಯಾವಾಗಲೋ ಉಸಿರಿನಲ್ಲಿ ಒಳಗೆ ಹೋಗಿ, ರಕ್ತದ ಜೊತೆ ಹೊಟ್ಟೆಗೆ ಸೇರಿ, ವರ್ಷಗಟ್ಟಲೆ ಸುಮ್ಮನಿದ್ದು, ಮೈ ಸೋತಾಗ ಏಳುತ್ತದೆ. ಎದೆಯ ಟಿಬಿ ಇದ್ದವರು ಕಫ ನುಂಗಿದಾಗಲೂ ಹೋಗುತ್ತದೆ. ಕಾಯಿಸದ ಹಾಲಿನಿಂದ ದನದ ಟಿಬಿ ಬರುವುದೂ ಉಂಟು.

ಅತ್ತೆಯ ಚಿಂತೆ ಬೇರೆ. ತಾಟು ಬೇರೆ ಮಾಡಬೇಕಾ, ಮಗುವನ್ನು ದೂರ ಇಡಬೇಕಾ, ಹೆರಿಗೆಯ ಹಾಗೆ ತವರಿಗೆ ಕಳಿಸಬೇಕಾ. ಬೇಡ. ಬರೀ ಹೊಟ್ಟೆಯಲ್ಲಿರುವ ಟಿಬಿ ಉಸಿರಿನಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಆದರೆ ಆಕೆಗೆ ಅದು ಯಾರಿಂದಲೋ ಬಂದಿದೆ. ಹಾಗಾಗಿ ಮನೆಯವರನ್ನೆಲ್ಲ ನೋಡಬೇಕು. ಮಾವನಿಗೆ ಹಳೆಯ ದಮ್ಮು ಇತ್ತು, ಎಲ್ಲರ ಅನುಮಾನ ಅವರ ಮೇಲೆ. ಕಫ ಪರೀಕ್ಷೆ, ಎಕ್ಸ್‌ರೇ ಎರಡರಲ್ಲೂ ಏನೂ ಇರಲಿಲ್ಲ. ಮಕ್ಕಳಿಗೂ ಏನೂ ಇರಲಿಲ್ಲ. ಎಲ್ಲಿಂದ ಬಂತು ಅಂತ ಕೊನೆಗೂ ಸಿಗಲಿಲ್ಲ. ಹೆಚ್ಚಿನ ಪ್ರಕರಣಗಳಲ್ಲಿ ಸಿಗುವುದೂ ಇಲ್ಲ.

ಚೀಲದಲ್ಲಿ ಮಲ ಬರಲು ಶುರುವಾದ ಮೇಲೆ ಗುಳಿಗೆ ಆರಂಭ. ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿದ ಗುಳಿಗೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧದ್ದು. ತೂಕ 35ರಿಂದ 49 ಕೆಜಿ ಒಳಗಿದ್ದರೆ ದಿನಕ್ಕೆ ಮೂರು ಗುಳಿಗೆ. ಜೊತೆಗೆ ಪಿರಿಡಾಕ್ಸಿನ್ (ಬಿ6 ವಿಟಮಿನ್). ಮೂತ್ರ ಕೇಸರಿ ಬಣ್ಣ ಆದರೆ ಹೆದರಬೇಡಿ, ಕಣ್ಣು ಹಳದಿಯಾದರೆ ಅಥವಾ ಮಂಜಾದರೆ ತಡ ಮಾಡಬೇಡಿ ಅಂತ ಹೇಳಿ ಕಳಿಸಿದೆವು. ಮಕ್ಕಳಾಗದಂತೆ ನುಂಗುವ ಗುಳಿಗೆಯ ಬಲವನ್ನು ರಿಫಾಂಪಿಸಿನ್ ಕುಗ್ಗಿಸುತ್ತದೆ. ಆ ಮಾತನ್ನು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಯೇ ಹೇಳಬೇಕು. ಇವರು ಕಾಪರ್ ಟಿ ಆರಿಸಿಕೊಂಡರು. ಟಿಬಿ ರೋಗಿಗಳ ಸರ್ಕಾರಿ ನೋಂದಣಿಯಾದ ನಿಕ್ಷಯ್‌ನಲ್ಲಿ ಹೆಸರು ಸೇರಿಸಿದ್ದರಿಂದ ಗುಳಿಗೆ ಪುಕ್ಕಟೆ. ಪೌಷ್ಟಿಕ ಆಹಾರದ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಅಂತ ಶುರುವಾಗಿತ್ತು. 2024ರ ನವೆಂಬರ್‌ನಿಂದ 1,000 ಆಗಿದೆ, ಖಾತೆಗೇ ಬರುತ್ತದೆ.

ಚೀಲದ ದಿನಗಳು ಗುಳಿಗೆಗಿಂತ ಕಷ್ಟ. ಸಣ್ಣ ಕರುಳಿನಿಂದ ಬರುವ ನೀರು ಚರ್ಮ ಸುಡುತ್ತದೆ. ಚೀಲದ ತೂತನ್ನು ಸರಿಯಾದ ಅಳತೆಗೆ ಕತ್ತರಿಸುವುದನ್ನು ನರ್ಸ್ ಕಲಿಸಿದ್ದು ಆಕೆಗಲ್ಲ, ಗಂಡನಿಗೆ. ಸೀರೆಯ ಅಂಚಿಗೆ ಎಳೆ ಲೆಕ್ಕ ಹಾಕುವ ಕೈ. ಎರಡನೇ ಸಲಕ್ಕೇ ನಮ್ಮ ವಾರ್ಡಿನವರಿಗಿಂತ ಚೆನ್ನಾಗಿ ಕತ್ತರಿಸಿದ. ಮೈಯ ನೀರು, ಉಪ್ಪು ಹೊರಗೆ ಹೋಗುವುದರಿಂದ ಓಆರ್‌ಎಸ್ ತಪ್ಪಿಸಬಾರದು ಅಂದಿದ್ದೆವು. ಮೊಟ್ಟೆ, ಬೇಳೆ, ಮೆತ್ತಗಿನ ಅನ್ನ, ಮಜ್ಜಿಗೆ.

ಎರಡೂವರೆ ತಿಂಗಳಿಗೆ ಮತ್ತೆ ಹೊಟ್ಟೆನೋವು. ಒಂದು ಇಡೀ ದಿನ ಚೀಲಕ್ಕೆ ಏನೂ ಬರಲಿಲ್ಲ. ಮನೆಯವರು ಗುಳಿಗೆ ನಿಲ್ಲಿಸಿಯೇ ಕರೆದುಕೊಂಡು ಬಂದರು. "ಗುಳಿಗಿಯಿಂದ್ಲೇ ಆಗೇತ್ರಿ." ಒಂದು ಲೆಕ್ಕದಲ್ಲಿ ಅವರ ಮಾತು ಹೌದು. ಔಷಧ ಕೆಲಸ ಮಾಡಿ ಹುಣ್ಣು ಮಾಯುತ್ತಿದೆ, ಮಾಯುವಾಗಲೇ ಆ ಮೂರನೇ ಸಂದಿ ಬಿಗಿದಿದೆ. ಟಿಬಿ ಚಿಕಿತ್ಸೆಯ ನಡುವೆ ಬ್ಲಾಕ್ ಆದರೆ ಔಷಧ ಸೋತಿದೆ ಅಂತ ಅರ್ಥ ಅಲ್ಲ. ಕಲ್ಚರ್ ರಿಪೋರ್ಟ್ ತರಿಸಿ ನೋಡಿದೆವು, ಔಷಧಗಳಿಗೆ ಕ್ರಿಮಿ ಬಗ್ಗುತ್ತಿತ್ತು. ಬಾಯಿ ಕಟ್ಟಿ ಸಲಾಯಿನ್ ಕೊಟ್ಟಾಗ ತೆರೆದುಕೊಂಡಿತು. ಗುಳಿಗೆ ಮುಂದುವರಿಸಿದೆವು.

ತೂಕ 43, ಆಲ್ಬುಮಿನ್ 3.6 ಆದ ಮೇಲೆ ಎರಡನೇ ಆಪರೇಷನ್. ಬಿಳಿ ಚುಕ್ಕೆಗಳು ಹೆಚ್ಚುಕಡಿಮೆ ಮಾಯವಾಗಿದ್ದವು. ಮೂರನೇ ಸಂದಿಯನ್ನು ಉದ್ದಕ್ಕೆ ಕೊಯ್ದು ಅಡ್ಡಕ್ಕೆ ಹೊಲಿದೆವು. ಹಾಗೆ ಮಾಡಿದರೆ ಕರುಳಿನ ಉದ್ದ ಸ್ವಲ್ಪ ಕಡಿಮೆಯಾಗಿ ಅಗಲ ಸಿಗುತ್ತದೆ, ಕತ್ತರಿಸಿ ಎಸೆಯುವ ಪ್ರಮೇಯ ಇಲ್ಲ. ಚೀಲ ತೆಗೆದು ತುದಿಗಳನ್ನು ಜೋಡಿಸಿದೆವು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಯೋಜನೆಯಲ್ಲಿ ಖರ್ಚು ನಡೆಯಿತು. ಓಡಾಟದ ದುಡ್ಡು, ಮಗ್ಗ ನಿಂತ ದಿನಗಳ ಕೂಲಿ ಮಾತ್ರ ಅವರದ್ದೇ.

ಆರು ತಿಂಗಳ ಗುಳಿಗೆ ಮುಗಿದಾಗ ತೂಕ 47. ಮುಟ್ಟು ಮತ್ತೆ ಶುರುವಾಗಿತ್ತು. ಸ್ಕ್ಯಾನಿನಲ್ಲಿ ಗ್ರಂಥಿಗಳು ಇನ್ನೂ ಸ್ವಲ್ಪ ಕಾಣುತ್ತಿದ್ದವು. ಅಷ್ಟಕ್ಕೇ ಔಷಧ ಎಳೆಯುವ ಅಗತ್ಯ ಇಲ್ಲ, ಜ್ವರ ಇಲ್ಲ, ತೂಕ ಏರುತ್ತಿದೆ. ಹೊಟ್ಟೆಯ ಟಿಬಿಗೆ ಒಂಬತ್ತು ತಿಂಗಳೋ ವರ್ಷವೋ ಗುಳಿಗೆ ಕೊಡುವ ಹಳೆಯ ರೂಢಿ ನಮ್ಮ ಕಡೆ ಇನ್ನೂ ಇದೆ. ಚೆನ್ನಾಗಿ ಸ್ಪಂದಿಸಿದವರಿಗೆ ಆರು ತಿಂಗಳು ಸಾಕು ಅಂತ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ.

ಕೊನೆಯ ಭೇಟಿಯಲ್ಲಿ ಗಂಡನ ಕೈಗೆ ಒಂದು ಪ್ಲಾಸ್ಟಿಕ್ ಫೈಲು ಕೊಟ್ಟೆವು. ಎರಡೂ ಆಪರೇಷನ್ ಟಿಪ್ಪಣಿ, ಬಯಾಪ್ಸಿ, ಸಿಬಿನ್ಯಾಟ್, ಕಲ್ಚರ್, ಗುಳಿಗೆ ಮುಗಿಸಿದ ಕಾರ್ಡ್. ಎರಡು ಸಲ ತೆರೆದ ಹೊಟ್ಟೆಯಲ್ಲಿ ಕರುಳು ಅಂಟಿಕೊಂಡು ಮುಂದೆ ಯಾವಾಗಲಾದರೂ ಬ್ಲಾಕ್ ಆಗಬಹುದು. ಆಗ ಈ ಕಾಗದ ಇಲ್ಲದಿದ್ದರೆ ಇನ್ನೊಬ್ಬ ವೈದ್ಯರು ಟಿಬಿ ತಿರುಗಿ ಬಂತು ಅಂತ ಮತ್ತೆ ಗುಳಿಗೆ ಶುರು ಮಾಡುವ ಸಾಧ್ಯತೆ ಇದೆ. ಸಣ್ಣ ಕರುಳಿನ ಕೊನೆಯ ತುಂಡು ಹೋಗಿರುವುದರಿಂದ ವರ್ಷಕ್ಕೊಮ್ಮೆ ಬಿ12 ನೋಡಿಸಬೇಕು. ಅದನ್ನು ಫೈಲಿನ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆವು.